ಒಂದು ಗಂಟೆ ಹತ್ತು ನಿಮಿಷದ ದಾರಿ

ನಕಾಶೆಯ ಮೇಲೆ ಅಡಿಪಟ್ಟಿ ಇಟ್ಟು ಊರಿಂದೂರಿಗೆ ದೂರ ಅಳೆಯುವುದು ಭೂಗೋಳದ ಮಾಸ್ತರರಿಗೆ ಅಂಟಿದ ಚಟ. ಚಿಕ್ಕೋಡಿಯ ಶಾಲೆಯಲ್ಲಿ ವರ್ಷಾನುಗಟ್ಟಲೆ ಅದನ್ನೇ ಕಲಿಸಿದ ನನಗೆ ಅದು ಚಟವನ್ನೂ ದಾಟಿ ಅಹಂಕಾರವಾಗಿತ್ತು. ಬೆಳಗಾವಿಯಿಂದ ಮುಂಬೈ ಎಷ್ಟು ದೂರ ಎನ್ನುತ್ತೀರಿ? ನಕಾಶೆಯಲ್ಲಿ ಎರಡು ಬೆರಳಿನಷ್ಟೂ ಇಲ್ಲ. ವಿಮಾನದ ವೇಳಾಪಟ್ಟಿಯ ಪ್ರಕಾರ ಒಂದು ಗಂಟೆ ಹತ್ತು ನಿಮಿಷ. ಆ ಹತ್ತು ನಿಮಿಷವನ್ನೂ ಬಿಡದೆ ವೇದವಾಕ್ಯವೆಂದು ನಂಬಿದ ಮಹಾನುಭಾವ ನಾನು.

ತೊಂಬತ್ತರ ದಶಕದ ಮಾತು. ಮುಂಬೈಯಲ್ಲಿ ನನ್ನ ತಂಗಿಯ ಮನೆಗೆ ಹೋಗಿದ್ದ ಅವ್ವನಿಗೆ ಅಲ್ಲಿಯೇ ಹೊಟ್ಟೆಯ ಆಪರೇಶನ್ ಆಗಿತ್ತು. ಆಸ್ಪತ್ರೆಯಿಂದ ತಂಗಿಯ ಮನೆಗೆ ಮರಳಿದ ಮೇಲೂ ಅನ್ನ ಸೇರದೆ ದಿನದಿನಕ್ಕೆ ಸೊರಗುತ್ತಿದ್ದಳು. "ಅಣ್ಣಾ, ಅವ್ವ ಏನೂ ಉಣ್ಣವಲ್ಲಳು. ನಮ್ಮಕ್ಕ ಬಂದು ತುತ್ತು ಕೊಟ್ರ ಉಣ್ಣತೀನಿ ಅಂತ ಹಟ ಹಿಡದಾಳ" ಎಂದು ತಂಗಿ ಫೋನಿನಲ್ಲಿ ಅತ್ತಳು. ಅವ್ವನ ಅಕ್ಕನೆಂದರೆ ಕಾಗವಾಡದ ನಮ್ಮ ದೊಡ್ಡವ್ವ. ನಮ್ಮದು ಜೈನ ಮನೆತನ. ಹೊತ್ತು ಮುಳುಗಿದ ಮೇಲೆ ಅಕ್ಕತಂಗಿಯರಿಬ್ಬರೂ ಒಂದು ಅಗುಳನ್ನೂ ಮುಟ್ಟುವವರಲ್ಲ.

ಮಿರಜದಿಂದ ರಾತ್ರಿಯ ರೈಲು ಹಿಡಿದರೆ ಮರುದಿನ ಬೆಳಿಗ್ಗೆ ಮುಂಬೈ. ಆದರೆ ಅವ್ವ ಇನ್ನೊಂದು ದಿನ ಉಪವಾಸವಿರುವುದನ್ನು ನೆನೆದರೇ ನನಗೆ ಜೀವ ಹಾರುತ್ತಿತ್ತು. ಮೂರಕ್ಕೆ ವಿಮಾನ, ನಾಲ್ಕು ಹತ್ತಕ್ಕೆ ಮುಂಬೈ, ಐದೂವರೆಗೆ ಮನೆ, ಸೂರ್ಯಾಸ್ತಕ್ಕೆ ಇನ್ನೂ ಅರ್ಧ ತಾಸು ಬಾಕಿ ಎಂದು ಲೆಕ್ಕ ಹಾಕಿ, ಅವ್ವನಿಗೆ ಇಷ್ಟವಾದ ರವೆ ಉಂಡಿಯ ಡಬ್ಬಿಯೊಂದಿಗೆ ದೊಡ್ಡವ್ವನನ್ನು ಬೆಳಗಿನ ಕೆಂಪು ಬಸ್ಸಿಗೆ ಹತ್ತಿಸಿದೆ. ಬೆಳಗಾವಿಗೆ ಹೋಗಿ ಕುಳಿತರೆ ವಿಮಾನದ ಸುಳಿವೇ ಇಲ್ಲ. ನಾಲ್ಕಾಯಿತು, ಐದಾಯಿತು. ಗಡಿಯಾರ ನೋಡುತ್ತ, ಬಾಗಿಲಿಗೂ ಕಿಟಕಿಗೂ ಅಲೆಯುತ್ತ ನಾನು ಸವೆಸಿದ ಹಾದಿಯನ್ನು ನೇರ ಮಾಡಿದ್ದರೆ ನಿಪ್ಪಾಣಿಯನ್ನಾದರೂ ಮುಟ್ಟುತ್ತಿದ್ದೆ.

"ಕೂಡೋ ತಮ್ಮಾ. ನೀ ಓಡ್ಯಾಡಿದ್ರ ಇಮಾನ ಲಗೂ ಬರತೈತೇನು?" ಎಂದಳು ದೊಡ್ಡವ್ವ.

ಕೊನೆಗೂ ಹಾರಿದೆವು. ಸ್ವಲ್ಪ ಹೊತ್ತಿಗೆ ಕೆಳಗಿನ ಊರುಗಳಲ್ಲಿ ದೀಪ ಹತ್ತಿಕೊಂಡವು. ನಮ್ಮ ಕಿಟಕಿಯಲ್ಲಿ ಮಾತ್ರ ಸೂರ್ಯ ಇನ್ನೂ ಕೆಂಪಗೆ ಕುಳಿತಿದ್ದ. ಎತ್ತರದಲ್ಲಿದ್ದವರಿಗೆ ಸೂರ್ಯಾಸ್ತ ತಡವೆಂಬ ಪಾಠ ನನ್ನ ಪಾಲಿಗೆ ವರವಾಗಿ ಒದಗಿತು. ಚಿಂತೆಯಲ್ಲಿ ಮುಂಜಾನೆಯಿಂದ ಏನೂ ತಿಂದಿರದ ದೊಡ್ಡವ್ವನಿಗೆ, "ಹೊತ್ತ ಇನ್ನೂ ಮುಳಗಿಲ್ಲ ನೋಡು, ಒಂದು ಉಂಡಿಯಾದ್ರೂ ತಿನ್ನು" ಎಂದೆ.

ಅವಳು ಸೂರ್ಯನನ್ನೂ ಕೆಳಗಿನ ದೀಪಗಳನ್ನೂ ನೋಡಿ ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡಳು.

"ನಮಗ ಮುಳಗಿಲ್ಲಪಾ. ಕೆಳಗ ನಿಮ್ಮವ್ವಗ ಮುಳಗೇತಿ. ಅಕಿ ಉಪಾಸ ಇದ್ದಾಗ ನಾ ಮ್ಯಾಲೆ ಕುಂತು ಹೆಂಗ ಉಣ್ಣಲಿ?"

ನಾನು ಕೈ ಚಾಚಿ ಕಿಟಕಿಯ ಪರದೆ ಇಳಿಸಿದೆ. ಕಣ್ಣು ತುಂಬಿ ಬಂತು.

ಮನೆ ಮುಟ್ಟಿದಾಗ ಕತ್ತಲಾಗಿತ್ತು. ಮರುದಿನ ಸೂರ್ಯ ಮೂಡಿದ ಮೇಲೆಯೇ ದೊಡ್ಡವ್ವ ಉಂಡಿ ಮುರಿದು ಅವ್ವನ ಬಾಯಿಗಿಟ್ಟು, ಉಳಿದರ್ಧ ತಾನು ತಿಂದಳು. ಅವ್ವ ನಿಧಾನಕ್ಕೆ ನುಂಗಿ, ನನ್ನತ್ತ ತಿರುಗಿ, ಎಷ್ಟೋ ದಿನಗಳ ಮೇಲೆ ನಕ್ಕಳು: "ಮಾಸ್ತರ, ಮಿರಜಿ ರೈಲು ಹತ್ತಿದ್ರೂ ಇಷ್ಟೊತ್ತಿಗೇ ಬರತಿದ್ರೆಲ್ಲೋ!"

ಅಡಿಪಟ್ಟಿಯ ಚಟ ಈಗಲೂ ಬಿಟ್ಟಿಲ್ಲ. ದೂರ ಕೇಳಿದರೆ ತಟ್ಟನೆ ಹೇಳುತ್ತೇನೆ. ಎಷ್ಟು ಹೊತ್ತಿನ ದಾರಿ ಎಂದು ಕೇಳಿದರೆ ಮಾತ್ರ, ಅಲ್ಲಿ ಕಾಯುತ್ತಿರುವವರು ಉಂಡಿದ್ದಾರೆಯೇ ಎಂದು ಮೊದಲು ವಿಚಾರಿಸುತ್ತೇನೆ.