ಅಡಾ ಆಂಟಿಯ ಮನೆಯ ಹೊಸ ಗೆಡ್ಡೆ

ಸುಟ್ಟ ಗೆಡ್ಡೆಯ ಮೇಲೆ ಕೆಂಪು ತಾಳೆಎಣ್ಣೆ ಸುರಿದಾಗ ಏಳುವ ಘಮಲು ಎಲ್ಲಿ ಮೂಗಿಗೆ ತಗುಲಿದರೂ, ಹ್ಯೂಸ್ಟನ್ನಿನ ನಮ್ಮ ಹಳೆಯ ಅಪಾರ್ಟ್‌ಮೆಂಟಿನ ಎದುರುಮನೆ, ಅಡಾ ಆಂಟಿಯ ಅಡುಗೆಮನೆ, ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಅವರು ನೈಜೀರಿಯಾದ ಇಗ್ಬೋ ಜನ. ರಾತ್ರಿ ಪಾಳಿಯ ನರ್ಸ್ ಆಗಿದ್ದ ಆಂಟಿ ಮಧ್ಯಾಹ್ನ ಮನೆಯಲ್ಲಿರುತ್ತಿದ್ದರು. ನನ್ನ ಅಪ್ಪ ಅಮ್ಮ ಇಬ್ಬರೂ ಆಫೀಸಿನಲ್ಲಿ. ಶಾಲೆಯ ಬಸ್ಸಿಳಿದ ನಾನು ಐದು ವರ್ಷ ನೇರವಾಗಿ ಹೋದದ್ದು ಅವರ ಮನೆಗೆ. ನಾವು ಮಾಂಸ ತಿನ್ನುವುದಿಲ್ಲವೆಂದು ನನಗಾಗಿ ಒಂದು ಪಾತ್ರೆಯನ್ನೇ ಬೇರೆ ಇಟ್ಟು, ಅದರ ಹಿಡಿಗೆ ಹಸಿರು ದಾರ ಕಟ್ಟಿದ್ದರು. ಒಣಮೀನು ಕಲಕಿದ ಸೌಟನ್ನು ಯಾರಾದರೂ ಅದರಲ್ಲಿ ಅದ್ದಿದರೆ ಮುಗಿಯಿತು, ಬೈಗುಳದ ಮಳೆ. ನಮ್ಮ ಮಡಿಯನ್ನು ನಮಗಿಂತ ನಿಷ್ಠೆಯಿಂದ ಕಾದವರು ಅವರು.

ವರ್ಷಕ್ಕೊಮ್ಮೆ, ಬೇಸಿಗೆಯ ಕೊನೆಗೆ, ಅವರ ಹೊಸ ಗೆಡ್ಡೆಯ ಹಬ್ಬ. ಮರದ ತೊಗಟೆಯಂಥ ಸಿಪ್ಪೆಯ, ತೋಳುದ್ದದ ಆ ಯಾಮ್ ಗೆಡ್ಡೆ ಅಂಗಡಿಗೆ ವಾರಗಟ್ಟಲೆ ಮೊದಲೇ ಬಂದಿರುತ್ತಿತ್ತು. ಆದರೆ ಸಮುದಾಯದ ಅತಿ ಹಿರಿಯರು ಮೊದಲ ಗೆಡ್ಡೆಯನ್ನು ಕತ್ತರಿಸುವವರೆಗೆ ಆ ಮನೆಯಲ್ಲಿ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಆ ಹಿರಿಯರು ಆಂಟಿಯ ಮಾವ. ಎಲ್ಲರಿಗೂ ಅವರು ಪಾಪಾ. ಬಾಡಿಗೆಯ ಹಾಲ್‌ನಲ್ಲಿ ನಗಾರಿಗಳ ಸದ್ದಿಗೆ ನೆಲ ನಡುಗುತ್ತಿರುವಾಗ ಅವರು ಕೆಂಪು ಟೋಪಿ ಧರಿಸಿ, ಚಾಕುವನ್ನು ಎತ್ತಿ, ಕಣ್ಣು ಮುಚ್ಚಿ ಪಿತೃಗಳನ್ನು ನೆನೆಯುತ್ತಿದ್ದರು. ಒಂದು ವರ್ಷ ಡಲ್ಲಾಸ್‌ನಿಂದ ಬಂದಿದ್ದ ಮುದುಕರೊಬ್ಬರು ನನ್ನನ್ನು ತೋರಿಸಿ, ಇವಳು ಯಾರ ಮಗು ಎಂದು ಕೇಳಿದರು. ಆಂಟಿ ತಡವರಿಸಲಿಲ್ಲ: "ನನ್ನ ಮಗಳು. ಒಲೆಯಿಂದ ಸ್ವಲ್ಪ ಬೇಗ ತೆಗೆದುಬಿಟ್ಟೆ, ಅದಕ್ಕೇ ಬಣ್ಣ ಕಮ್ಮಿ." ಮೇಜಿನ ಸುತ್ತ ಕೂತವರೆಲ್ಲ ನಕ್ಕರು. ನಾನೂ ಹೆಮ್ಮೆಯಿಂದ ನಕ್ಕೆ.

ಅಪ್ಪ ಅಮ್ಮ ಆ ಹಬ್ಬಕ್ಕೆ ಒಮ್ಮೆಯೂ ಬರಲಿಲ್ಲ. ಆಮೇಲೆ ನಾವು ಹ್ಯೂಸ್ಟನ್ನಿನ ಹೊರವಲಯದ ಸೈಪ್ರೆಸ್‌ನಲ್ಲಿ ಸ್ವಂತ ಮನೆ ಮಾಡಿಕೊಂಡೆವು. ಗೃಹಪ್ರವೇಶದ ದಿನ ಅಡಾ ಆಂಟಿಯೊಂದಿಗೆ ಪಾಪಾ ಬಂದರು. ಆ ವರ್ಷದ ಹಬ್ಬದ ರಾಶಿಯಿಂದ ಆರಿಸಿದ ಗೆಡ್ಡೆಯೊಂದನ್ನು ಎರಡೂ ಕೈಗಳಲ್ಲಿ ಮಗುವಿನಂತೆ ಹಿಡಿದಿದ್ದರು. ಅಮ್ಮ ಅದನ್ನು ನಗುತ್ತಲೇ ಇಸಿದುಕೊಂಡು, ಒಳಗೆ ತರದೆ, ಗರಾಜಿನಲ್ಲಿ ಚಪ್ಪಲಿಗಳ ಪಕ್ಕ ಇಟ್ಟರು. ಪಾಪಾ ನೋಡಿದರು. ಅಷ್ಟರಲ್ಲಿ, ಸೌತ್‌ಲೇಕ್‌ನಿಂದ ಬಂದಿದ್ದ ನಮ್ಮ ಕನ್ನಡದ ಆಂಟಿಯೊಬ್ಬರು ನನ್ನತ್ತ ಬಾಗಿ, "ಯಾರೇ ಇವರು? ಕೇಟರಿಂಗ್‌ನೋರಾ?" ಎಂದರು. ನಮ್ಮ ಮಕ್ಕಳೆಲ್ಲರ ಅಭ್ಯಾಸದಂತೆ ನಾನು ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸಿದೆ: "ನೋ ಆಂಟಿ, ಜಸ್ಟ್ ಮೈ ಓಲ್ಡ್ ಬೇಬಿಸಿಟರ್." ಪ್ರಶ್ನೆ ನನ್ನ ಹಿಂದೆಯೇ ನಿಂತಿದ್ದ ಅಡಾ ಆಂಟಿಗೆ ಅರ್ಥವಾಗಿರಲಿಲ್ಲ. ಉತ್ತರ ಅರ್ಥವಾಯಿತು. ನನ್ನ ಜಡೆಯ ಹೂವನ್ನು ಸರಿಪಡಿಸುತ್ತಿದ್ದ ಅವರ ಕೈ ಅಲ್ಲಿಗೇ ನಿಂತಿತು. ಒಂದೊಂದು ಲೋಟ ಪಾನಕ ಕುಡಿದು, ಎಲ್ಲರಿಗೂ ನಮಸ್ಕಾರ ಹೇಳಿ, ಇಬ್ಬರೂ ಹೊರಟುಹೋದರು.

ಹನ್ನೊಂದು ವರ್ಷದ ಹುಡುಗಿಗೆ ಏನು ತಿಳಿಯುತ್ತದೆ ಎಂಬ ಸಮಾಧಾನ ನನಗೆ ಬೇಡ. ಆ ವಾಕ್ಯ ನನ್ನದು. ಅದರ ಹೊಣೆಯೂ ನನ್ನದು. ಆದರೆ ಆ ನಾಚಿಕೆಯನ್ನು ನನಗೆ ಕಲಿಸಿದವರು ಯಾರು? ರಾಜ್ಯೋತ್ಸವದ ವೇದಿಕೆಯಲ್ಲಿ ನಮ್ಮ ಸಂಸ್ಕೃತಿ ಉಳಿಯಬೇಕೆಂದು ಗಂಟಲು ಹರಿದುಕೊಳ್ಳುವ ನಾವು, ತಮ್ಮದನ್ನು ಉಳಿಸಿಕೊಂಡು ನಮ್ಮದನ್ನೂ ಕಾಪಾಡಿಕೊಟ್ಟವರನ್ನು ಗರಾಜು ದಾಟಿ ಒಳಗೆ ಬಿಟ್ಟುಕೊಳ್ಳದಿರಲು ಕಾರಣವೇನು? ದೊಡ್ಡವಳಾದ ಮೇಲೆ ಈ ಪ್ರಶ್ನೆಯನ್ನು ಮನೆಯಲ್ಲಿ ಕೇಳಿದಾಗ ಅಪ್ಪ ಟೀವಿಯ ಸದ್ದು ಹೆಚ್ಚಿಸಿದರು. ಅಮ್ಮ, "ಈಗ್ಯಾಕೆ ಅದನ್ನೆಲ್ಲಾ ಕೆದಕ್ತೀಯಾ? ಅವರೇ ಮರ್ತಿರ್ತಾರೆ," ಎಂದರು.

ಅವರು ಮರೆತಿರಲಿಲ್ಲ. ಆಸ್ಟಿನ್‌ನಲ್ಲಿ ಓದುತ್ತಿದ್ದಾಗ ಕ್ಷಮೆ ಕೇಳಲೆಂದೇ ಡ್ರೈವ್ ಮಾಡಿಕೊಂಡು ಹ್ಯೂಸ್ಟನ್ನಿನ ಹಬ್ಬಕ್ಕೆ ಹೋದೆ. ಬೇರೊಬ್ಬರು ಗೆಡ್ಡೆ ಕತ್ತರಿಸುತ್ತಿದ್ದರು. ಪಕ್ಕದಲ್ಲಿದ್ದ ಹೆಂಗಸನ್ನು ವಿಚಾರಿಸಿದೆ: ಪಾಪಾ ತೀರಿಕೊಂಡು ಎರಡು ವರ್ಷವಾಗಿತ್ತು, ಅಡಾ ಆಂಟಿ ಊರು ಬಿಟ್ಟಿದ್ದರು, ಎಲ್ಲಿಗೆಂದು ಆಕೆಗೆ ಗೊತ್ತಿರಲಿಲ್ಲ. ತಮಗೆ ಬೇಕಾದವರ ಮನೆಗಳಿಗೆಲ್ಲ ಆಂಟಿಯೇ ಫೋನ್ ಮಾಡಿ ಸಾವಿನ ಸುದ್ದಿ ಮುಟ್ಟಿಸಿದ್ದರಂತೆ. ನಮ್ಮ ಮನೆಗೆ ಆ ಫೋನ್ ಬಂದಿರಲಿಲ್ಲ. ನಮ್ಮ ನಂಬರು ಬದಲಾಗಿರಲಿಲ್ಲ.