ಆಚಾರ್ರು ಮುಚ್ಚಿಟ್ಟ ಮುಖ

"ತುದಿ ಬಿಗಿಯಾಗಿ ಹಿಡ್ಕೊಳೋ" ಎಂದು ಮೇಸ್ತ್ರಿ ಬೈದ. ರಾಜಾಜಿನಗರದ ಹೊಸ ಮನೆಯೊಂದರ ಗೋಡೆಗೆ ಗೆರೆ ಹಾಕುತ್ತಿದ್ದೆವು. ಕಾವಿಯಲ್ಲಿ ಅದ್ದಿದ ದಾರವನ್ನು ಅವನು ಎಳೆದು ಬಿಟ್ಟ. ಕೆಂಪು ಪುಡಿ ಮೂಗಿಗೆ ಹೊಡೆಯಿತು. ಆಚಾರ್ರ ಕೈಯಿಂದ ಬರುತ್ತಿದ್ದ ವಾಸನೆ ಅದು.

ಆಚಾರ್ರು ಕಲ್ಲು ಕೆತ್ತುವವರು. ಮಾಗಡಿ ರಸ್ತೆ ಪಕ್ಕದಲ್ಲಿ ಅವರ ಕೆಲಸದ ಜೋಪಡಿ ಇತ್ತು. ಅವರ ಅಪ್ಪ, ತಾತ ಬರೀ ದೇವರನ್ನು ಕೆತ್ತಿದವರು. ಇವರು ಸಮಾಧಿ ಮೇಲಿಡುವ ಮನುಷ್ಯರ ವಿಗ್ರಹವನ್ನೂ ಮಾಡುತ್ತಿದ್ದರು. ಏನೇ ಕೆತ್ತಲಿ, ಮೊದಲು ಅಂಗಡಿಯ ಕಂದು ಕಾಗದದ ಮೇಲೆ ಕಾವಿಯಲ್ಲಿ ಬರೆಯಬೇಕು. ಮುಂದೆ, ಹಿಂದೆ, ಎರಡು ಮಗ್ಗುಲು. ನಾಲ್ಕೂ ಕಡೆ ಸರಿ ಬಾರದೆ ಉಳಿ ಮುಟ್ಟುತ್ತಿರಲಿಲ್ಲ.

ನನ್ನ ಅಣ್ಣ ಜ್ವರ ಬಂದು ಸತ್ತ. ಕಾಮಾಕ್ಷಿಪಾಳ್ಯದ ನಮ್ಮ ಹೊಲದಲ್ಲೇ ಮಣ್ಣು ಮಾಡಿದೆವು. ಅವನದೊಂದು ಫೋಟೋ ಇರಲಿಲ್ಲ. ಒಂದು ದಿನ ಅವ್ವ ರಾಗಿ ಬೀಸುತ್ತಿದ್ದವಳು ಕೈ ನಿಲ್ಲಿಸಿ, "ಅವನ ಮುಖ ಮರ್ತೋಗ್ತಾ ಐತೆ ಕಣೋ" ಎಂದಳು. ಅಣ್ಣನ ವಿಗ್ರಹ ಮಾಡಿಸಲು ನಾನು ಹೋಗಿ ಆಚಾರ್ರನ್ನು ಕರೆತಂದೆ. ಅವರು ಅಣ್ಣನನ್ನು ನೋಡಿದವರಲ್ಲ.

ಅಣ್ಣನ ಹೋಲಿಕೆ ಸಿಗಲಿ ಎಂದು ಅವರು ನನ್ನನ್ನು ಬೆಳಕಿಗೆ ಕೂರಿಸಿ ಬರೆದರು.

"ಇದು ಇವ್ನೇ. ಅವನಲ್ಲ" ಎಂದಳು ಅವ್ವ.

ಚಿತ್ರದ ಮೂಗು ಅಳಿಸಿ ತಿದ್ದಿದರು. ದವಡೆ ಅಗಲ ಮಾಡಿದರು. ಊಹೂಂ.

"ಮತ್ತೆ ಹೆಂಗಿದ್ದ ತಾಯಿ?"

"ಗೊತ್ತಿದ್ರೆ ನಿಮ್ಮನ್ಯಾಕೆ ಕರೆಸ್ತಿದ್ದೆ ಆಚಾರ್ರೇ?"

ಆಚಾರ್ರು ನಕ್ಕರು. "ದೇವ್ರ ಮುಖಕ್ಕೆ ಅಳತೆ ಐತೆ. ಮನುಷ್ಯಂದಕ್ಕೆ ಇಲ್ವಲ್ಲ." ಆಮೇಲೆ ಕೇಳಿದರು, "ಅವನ ತಲೆಗೆ ಎಣ್ಣೆ ಹಚ್ತಿದ್ದೋರು ಯಾರು?"

"ನಾನೇ."

"ಹಂಗಾದ್ರೆ ಕಣ್ಣು ಮುಚ್ಕೊಂಡು ಹಚ್ಚಿ."

ಅವ್ವ ಜಗಲಿ ಮೇಲೆ ಕೂತು ಕಣ್ಣು ಮುಚ್ಚಿದಳು. ಮುಂದೆ ಯಾರೂ ಇರಲಿಲ್ಲ. ಅವಳ ಕೈ ಗಾಳಿಯಲ್ಲಿ ಇಳಿದು ಒಂದು ಕಡೆ ನಿಂತಿತು. ನೆತ್ತಿ ತಟ್ಟಿತು. ಕಿವಿ ಹಿಂದೆ ಹೋಯಿತು, ಕುತ್ತಿಗೆಗೆ ಇಳಿಯಿತು. ಎರಡು ಅಂಗೈಗಳ ನಡುವಿನ ಜಾಗ ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ. ಮಟಮಟ ಮಧ್ಯಾಹ್ನ. ಒಂದು ಕೋಳಿಯ ಸದ್ದೂ ಇರಲಿಲ್ಲ.

"ಅಲ್ಲಾಡ್ಬೇಡ್ವೋ" ಎಂದು ಅವ್ವ ಗದರಿದಳು.

ನನಗಲ್ಲ...

ಆಚಾರ್ರು ಬರೆಯುತ್ತಲೇ ಇದ್ದರು. ಅವರು ನೋಡುತ್ತಿದ್ದದ್ದು ಅವಳ ಕೈಗಳನ್ನಲ್ಲ, ಕೈಗಳ ನಡುವೆ.

ಕಾಗದದ ಮೇಲೆ ಬಂದದ್ದು ಅಣ್ಣನ ಹಿಂದಲೆ. ಎಡಗಿವಿ ಸ್ವಲ್ಪ ಹೊರಗೆ ಚಾಚಿತ್ತು. ಅಣ್ಣನ ಕಿವಿ ಇದ್ದದ್ದೇ ಹಾಗೆ. ಅದನ್ನು ನಾವ್ಯಾರೂ ಅವರಿಗೆ ಹೇಳಿರಲಿಲ್ಲ.

"ಇವ್ನೇ" ಎಂದಳು ಅವ್ವ. "ಈ ಕಡೆ ತಿರುಗ್ಸಿ ಆಚಾರ್ರೇ."

ಮುಖ ಬರೆದು ತರುತ್ತೇನೆ ಎಂದು ಹೋದವರು ಬರಲೇ ಇಲ್ಲ. ಕೊನೆಗೆ ನಾನೇ ಜೋಪಡಿಗೆ ಹೋದೆ. ಕಾಗದಗಳನ್ನೆಲ್ಲ ಬೋರಲು ಹಾಕಿ ಮೇಲೆ ಕಲ್ಲು ಇಟ್ಟಿದ್ದರು.

"ಎಷ್ಟು ಸಲ ಬರೆದ್ರೂ ನಿನ್ನ ಮುಖಾನೇ ಬರ್ತದೆ ಕಣಪ್ಪ. ಬದುಕಿರೋನ ಮುಖ ಸಮಾಧಿ ಮೇಲೆ ಕೂರಿಸಬಾರದು ಅಂತಿದ್ದ ನಮ್ಮಪ್ಪ. ನಾನು ಕೆತ್ತಲ್ಲ."

"ತೋರ್ಸಿ."

"ಬೇಡ. ನೀನು ನೋಡ್ಬಾರ್ದು."

ನನಗೂ ಹೆದರಿಕೆಯಾಯಿತು. ವಾಪಸು ಬಂದೆ. ಆಮೇಲೆ ಎರಡು ವರ್ಷ ಆ ಕಡೆ ತಲೆ ಹಾಕಲಿಲ್ಲ.

ಮೊನ್ನೆ, ಆ ಕಾವಿಯ ವಾಸನೆ ಬಡಿದ ದಿನ, ಗೋಡೆ ಕೆಲಸ ಮುಗಿದ ಮೇಲೆ ಹೋದೆ. ಜೋಪಡಿ ಇರಲಿಲ್ಲ. ಮನೆ ಹುಡುಕಿದೆ. ಬಾಗಿಲು ತೆಗೆದದ್ದು ಆಚಾರ್ರ ಹೆಂಡತಿ. ನಾವಿಬ್ಬರೂ ಅದುವರೆಗೆ ಒಬ್ಬರನ್ನೊಬ್ಬರು ನೋಡಿರಲೇ ಇಲ್ಲ. ಆಚಾರ್ರು ಹೋಗಿ ವರ್ಷವಾಯಿತಂತೆ. ಕಾಗದಗಳನ್ನು ಕೇಳಿದೆ.

"ನೀರೊಲೆಗೆ ಹಾಕ್ಬಿಟ್ಟೆ ಕಣಪ್ಪ. ಯಾವ್ದೋ ಒಂದೇ ಹುಡುಗನ ಮುಖ, ರಾಶಿ ಬರ್ದಿದ್ರು. ಈಗ್ಲೂ ಕಣ್ಣಿಗೆ ಕಟ್ಟಿದಂಗೈತೆ. ದಾರೀಲಿ ಕಂಡ್ರೂ ಗುರುತು ಹಿಡೀತೀನಿ."

ನನ್ನ ಮುಖವನ್ನೇ ನೋಡಿಕೊಂಡು ಹೇಳಿದರು. ಬೆಚ್ಚಲಿಲ್ಲ. ಆಮೇಲೆ, "ನೀನ್ಯಾರಪ್ಪ?" ಎಂದು ಕೇಳಿದರು.

ಅಂದರೆ ಆಚಾರ್ರು ಬರೆದದ್ದು ನನ್ನ ಮುಖವಲ್ಲ. ಅಣ್ಣನದು. ಸರಿಯಾಗಿಯೇ ಬಂದಿತ್ತು. ಅದು ಅವರಿಗೇ ತಿಳಿಯಲಿಲ್ಲ.

ಅವ್ವನಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಇದಕ್ಕಿಂತ ಹೆಚ್ಚು ಬರೆಯುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ.