ಫೋಟೊ ಪರದೆಯ ಪಕ್ಕದ ಅವ್ವ

ಅವ್ವ ತೀರಿಕೊಂಡ ದಿನ ಮನೆ ತುಂಬ ಮಂದಿ ಇದ್ದರು. ಓಣಿಯ ಹಿರಿಯರೊಬ್ಬರು ನನ್ನ ಹೆಗಲ ಮೇಲೆ ಕೈಯಿಟ್ಟು, "ಆಕೀದೊಂದು ಚಲೋ ಫೋಟೊ ದೊಡ್ಡದು ಮಾಡಸಪಾ. ಹನ್ನೊಂದನೇ ದಿನಕ್ಕ ಬೇಕಾಗತೈತಿ. ನಿನಗೇನ ಹೇಳೂದು, ನಿಂದ ಅಂಗಡಿ ಐತಿ" ಅಂದರು. ನಾನು ಹೂಂ ಅಂದೆ. ಬಸವನ ಬಾಗೇವಾಡಿಯ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಫೋಟೊ ಸ್ಟುಡಿಯೊ ಇತ್ತು. ಸುತ್ತಲಿನ ಊರುಗಳ ಎಷ್ಟು ಮುಖಗಳನ್ನು ಅಲ್ಲಿ ತೊಳೆದು ಒಣಗಿಸಿದ್ದೆನೋ ಲೆಕ್ಕವಿಲ್ಲ. ಅವುಗಳಲ್ಲಿ ಅವ್ವನದು ಒಂದೂ ಇರಲಿಲ್ಲ. ದೀಪದ ಬುಡದಲ್ಲಿ ಕತ್ತಲು ಅಂತ ಮಂದಿ ಅನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು.

ಮತದಾರರ ಗುರುತಿನ ಚೀಟಿಯಲ್ಲಿ ಒಂದು ಇತ್ತು ಅನ್ನಿ. ಅದರಲ್ಲಿ ಅವ್ವನ ಮುಖವೆಂದರೆ ಸೀದ ರೊಟ್ಟಿಯಷ್ಟು ಕರಿ ಕಲೆ. ಯಾರದೇ ಚೀಟಿ ಆದರೂ ಅಷ್ಟೇ, ಅದಕ್ಕೆ ಯಾರನ್ನು ಬೈಯುವುದು.

ಅವ್ವನ ಫೋಟೊ ಯಾಕಿರಲಿಲ್ಲ ಎಂದು ಹೇಳಬೇಕಾದರೆ ನನ್ನ ಪರದೆಯ ಕತೆ ಹೇಳಬೇಕು. ತೊಂಬತ್ತರ ದಶಕದ ಕೊನೆಯ ವರ್ಷಗಳು. ಆಗ ಮದುವೆಯ ಫೋಟೊ ಎಂದರೆ ಅಕ್ಷತೆ, ಊಟದ ಪಂಕ್ತಿ, ಮದುಮಕ್ಕಳ ಹಿಂದೆ ಮುಖ ಗಂಟು ಹಾಕಿಕೊಂಡು ನಿಂತ ಹತ್ತು ಮಂದಿ. ಬಂದ ಬೀಗರಿಗೆ ಊಟ ಮುಗಿದ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂಡುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ನಾನು ಹಂದರದ ಒಂದು ಮೂಲೆಯಲ್ಲಿ ಪರದೆ ಕಟ್ಟಲು ಶುರು ಮಾಡಿದೆ. ಅದರ ಮೇಲೆ ಒಂದು ಜಲಪಾತ, ಒಂದು ಹಿಮದ ಗುಡ್ಡ. ನಮ್ಮ ಕಡೆ ಎರಡನ್ನೂ ಕಂಡವರು ಕಡಿಮೆ. ಮುಂದೆ ಪ್ಲೈವುಡ್ಡಿನಲ್ಲಿ ಕೊರೆದ ಚಂದ್ರ, ಅದರ ಮೇಲೆ ಒಬ್ಬರು ಕೂಡಬಹುದಿತ್ತು. ಪಕ್ಕದಲ್ಲಿ ಒಂದು ಟ್ರಂಕು. ಅದರಲ್ಲಿ ಕೋಟು, ಟೊಪ್ಪಿಗೆ, ಕಪ್ಪು ಚಸ್ಮಾ, ಪ್ಲಾಸ್ಟಿಕ್ ಹೂವು, ಎಲ್ಲಿಗೂ ಹೋಗದ ವೈರಿನ ಒಂದು ಟೆಲಿಫೋನು. ಬೇಕಾದ್ದು ತೊಟ್ಟುಕೊಳ್ಳಿ, ಬೇಕಾದ ಹಾಗೆ ನಿಲ್ಲಿ, ಎಂಟು ದಿನಕ್ಕೆ ಮದುವೆ ಮನೆಯಿಂದ ಫೋಟೊ ಒಯ್ಯಿರಿ.

ಮುದ್ದೇಬಿಹಾಳದಲ್ಲಿ ಒಬ್ಬ ಮಾಸ್ತರರು ಕಿವಿಗೆ ಟೆಲಿಫೋನು ಹಿಡಿದು, ಫೋಟೊ ಹೊಡೆದಾದ ಮೇಲೂ ಇಡಲೊಲ್ಲದೆ, "ಹಲೋ, ಹಲೋ" ಎನ್ನುತ್ತ ಸಾಲನ್ನೆಲ್ಲ ನಿಲ್ಲಿಸಿದರು. ಮುಳವಾಡದಲ್ಲಿ ಎತ್ತು ಎಳೆದರೂ ಅಲುಗದಂಥ ಗೌಡರೊಬ್ಬರು ಕೂತು ಚಂದ್ರ ಎರಡು ಹೋಳಾಯಿತು. ಅವರು ನೆಲದ ಮೇಲಿನಿಂದಲೇ "ಹೊಡಿ, ಹಿಂಗಽ ಹೊಡಿ" ಅಂದರು. ಮದುವೆಯಲ್ಲಿ ಮದುಮಕ್ಕಳಿಗಿಂತ ನನ್ನ ಮೂಲೆಯಲ್ಲೇ ಗದ್ದಲ ಹೆಚ್ಚು.

ಆದರೆ ಹೆಣ್ಣುಮಕ್ಕಳು ಬರುತ್ತಿರಲಿಲ್ಲ. ಗಂಡಸು ಕ್ಯಾಮೆರಾ ಹಿಡಿದು ನಿಂತರೆ ಯಾರು ಬಂದಾರು? ಅದಕ್ಕೆ ಅವ್ವನನ್ನು ಕರೆದುಕೊಂಡು ಹೋದೆ. ಆಕೆ ಪರದೆಯ ಎಡಕ್ಕೆ, ದೊಡ್ಡ ದೀಪದ ಹಿಂದೆ, ಒಂದು ಸ್ಟೂಲಿನ ಮೇಲೆ ಕೂಡುತ್ತಿದ್ದಳು. ಒಬ್ಬೊಬ್ಬರನ್ನೇ ಕರೆದು ಸೆರಗು ಸರಿಮಾಡಿ ಪಿನ್ನು ಚುಚ್ಚುವಳು, ಬೆವರು ಒರೆಸುವಳು, "ಹಲ್ಲು ಕಾಣಲಿ, ಅತ್ತಿ ಏನೂ ಅನ್ನಂಗಿಲ್ಲ, ಆಕೀನೂ ಸಾಲಿನ್ಯಾಗ ಅದಾಳ" ಎಂದು ನಗಿಸುವಳು. ನಗುವುದಕ್ಕೂ ನಾನು ಗುಂಡಿ ಒತ್ತುವುದಕ್ಕೂ ಸರಿಹೋಗುತ್ತಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಎಲ್ಲಿಯೇ ಹೋಗಲಿ, ಬಸ್ಸಿನ ಟಾಪಿನ ಮೇಲೆ ಚಂದ್ರ, ಒಳಗೆ ಅವ್ವ.

ಆಕೆ ಮಾತ್ರ ಪರದೆಯ ಮುಂದೆ ನಿಲ್ಲುತ್ತಿರಲಿಲ್ಲ. ಅಪ್ಪ ತೀರಿಹೋಗಿ ಬಹಳ ವರ್ಷವಾಗಿತ್ತು. "ಮಂದಿ ಮದುವಿ ರೀಲಿನ್ಯಾಗ ನನ್ನ ಮಾರಿ ಬ್ಯಾಡ" ಅನ್ನುತ್ತಿದ್ದಳು. ರೀಲಿನಲ್ಲಿ ಮೂವತ್ತಾರು ಫೋಟೊ, ಮೂವತ್ತಾರೂ ಮದುವೆ ಮನೆಯವರವು. ಅದರಲ್ಲೊಂದು ಗಂಡ ಸತ್ತವಳದು ಬಂದರೆ ಯಾರಾದರೂ ಏನಾದರೂ ಅಂದಾರು ಎಂಬ ಅಂಜಿಕೆ. ಸ್ಟುಡಿಯೊದಲ್ಲಿ ತೆಗೆಯುತ್ತೇನೆ ಬಾ ಎಂದು ನಾನಾದರೂ ಕರೆಯಬಹುದಿತ್ತು. ಕರೆಯಲಿಲ್ಲ. ದಿನವೂ ಕಾಣುವ ಮುಖವನ್ನು ಫೋಟೊ ತೆಗೆದಿಡಬೇಕೆಂದು ಯಾರಿಗೆ ಹೊಳೆಯುತ್ತದೆ?

ಒಂದೇ ಸಲ ನಿಂತಿದ್ದಳು. ನಾಲತವಾಡದ ಒಂದು ಮುಸಲ್ಮಾನರ ಮನೆಯ ಮದುವೆ. ನಾಲತವಾಡ ಅವ್ವನ ತವರೂರು. ಮದುಮಗಳ ಸೋದರತ್ತೆ ಅವ್ವನ ಜೊತೆ ಶಾಲೆಗೆ ಹೋದವರು. ನಾನು ಅವರನ್ನು ಚಿಕ್ಕವ್ವನೆಂಬಂತೆ ಖಾಲಾ ಅನ್ನುತ್ತಿದ್ದೆ. ಅವರು ಅವ್ವನ ಕೈ ಹಿಡಿದು ಸ್ಟೂಲಿನಿಂದ ಎಬ್ಬಿಸಿಬಿಟ್ಟರು.

"ಬ್ಯಾಡವಾ, ಮಂದಿ ರೀಲು" ಅಂದಳು ಅವ್ವ.

"ಯಾವ ಮಂದಿ? ಮದುವಿ ನಮ್ಮ ಮನೀದು, ರೀಲು ನಮ್ದು. ನಿಂದ್ರು" ಅಂದರು ಖಾಲಾ.

ಅವ್ವ ಗುರುತು ಸಿಗದಿರಲಿ ಎಂದು ಟ್ರಂಕಿನಿಂದ ಕಪ್ಪು ಚಸ್ಮಾ ತೆಗೆದು ಹಾಕಿಕೊಂಡಳು. ಇಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ ನಿಂತರು. ಹೊಡೆದೆ. ಊರಿಗೆ ಬಂದ ಮೇಲೆ ಅವ್ವ, "ಅದೊಂದು ತೊಳಿಬ್ಯಾಡ" ಅಂದಳು. ಸರಿ ಎಂದು ಆ ಒಂದನ್ನು ಬಿಟ್ಟು ಉಳಿದದ್ದನ್ನು ತೊಳೆದು, ಇಡೀ ರೀಲಿನ ನೆಗೆಟಿವ್ ಸಮೇತ ಮದುವೆ ಮನೆಗೆ ಕೊಟ್ಟೆ.

ಅವ್ವ ಹೋದದ್ದು ಸೋಮವಾರ, ಎದೆನೋವು ಅಂದು ಅರ್ಧ ತಾಸಿನಲ್ಲಿ. ಗುರುವಾರ ಇಂಡಿಯಲ್ಲಿ ಮದುವೆ ಇತ್ತು, ಮೊದಲೇ ಒಪ್ಪಿಕೊಂಡದ್ದು. ಸಿಂದಗಿಯಿಂದ ಬಂದಿದ್ದ ಅಕ್ಕ ಬೇಡವೆಂದಳು. ನಾನು ಹೋದೆ. ಪರದೆ ಕಟ್ಟಿದೆ, ಚಂದ್ರ ನಿಲ್ಲಿಸಿದೆ, ಅಭ್ಯಾಸದ ಮೇಲೆ ಸ್ಟೂಲನ್ನೂ ಇಟ್ಟೆ. ಒಬ್ಬ ಹೆಣ್ಣುಮಗಳು ಬಂದು, "ಪಿನ್ನು ಹಚ್ಚೋ ಅಮ್ಮಾರು ಬಂದಿಲ್ಲೇನ್ರಿ?" ಎಂದು ಕೇಳಿದಳು.

"ಇಲ್ರಿ, ಮನ್ಯಾಗ ಅದಾಳ" ಅಂದೆ.

ಹೇಳುವಾಗ ಏನೂ ಅನ್ನಿಸಲಿಲ್ಲ. ಅದೇ ನನಗೆ ವಿಚಿತ್ರವಾಗಿ ಕಂಡಿತು. ಅಳು ಬಂದೀತೆಂದು ಕಾದೆ, ಬರಲಿಲ್ಲ. ಕೈ ತನ್ನ ಪಾಡಿಗೆ ರೀಲು ತಿರುಗಿಸಿತು. ಅವತ್ತು ಯಾವ ಹೆಣ್ಣುಮಗಳೂ ನಗಲಿಲ್ಲ, ಎಲ್ಲರ ಸೆರಗೂ ಸೊಟ್ಟಗಿತ್ತು. ಅದು ಗೊತ್ತಾದದ್ದು ಕೂಡ ಫೋಟೊ ತೊಳೆದ ಮೇಲೆ.

ಶನಿವಾರ ಆ ನೆಗೆಟಿವ್ ಕೇಳಲು ನಾಲತವಾಡಕ್ಕೆ ಹೋದೆ. ಖಾಲಾ ಬಾಗಿಲಲ್ಲೇ, "ಅವ್ವ ಹೆಂಗದಾಳ?" ಅಂದರು. ಹೇಳಿದೆ. ಹೊಸ್ತಿಲ ಮೇಲೆ ಕುಸಿದು ಕೂತು ಅತ್ತರು. ನಾನು ಗೋಡೆಯ ಮೇಲಿನ ಗಡಿಯಾರ ನೋಡುತ್ತ ನಿಂತೆ. ಆಮೇಲೆ ಬಂದ ಕೆಲಸ ಹೇಳಿದೆ. ಅವರು ಒಳಗೆ ಹೋಗಿ ಒಂದು ಡಬ್ಬಿ ತಂದರು. "ನೀ ಇದೊಂದು ತೊಳಿಲಿಲ್ಲ ಅಂತ ನಾನಽ ಮುದ್ದೇಬಿಹಾಳದಾಗ ತೊಳಿಸಿದ್ದೆ" ಎಂದು ಫೋಟೊ ಕೈಗಿಟ್ಟರು. ಇಬ್ಬರು ಮುದುಕಿಯರು, ಹಿಂದೆ ಜಲಪಾತ. ಅವ್ವನ ಬಾಯಿ ಅರ್ಧ ತೆರೆದಿತ್ತು, ಏನೋ ಹೇಳುತ್ತಿದ್ದಳು. ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಗಾಜು.

ಅಕ್ಕ ಅದನ್ನು ನೋಡಿದವಳೇ, "ಇದಕ್ಕ ಹಾರ ಹಾಕಾಕ ಆಗತೈತೇನು? ಮಂದಿ ನಗತಾರ. ಚಸ್ಮಾ ತಗಸು, ಹಣಿಗೆ ವಿಭೂತಿ ಹಚ್ಚಸು" ಅಂದಳು.

ಅದು ನನಗೆ ಹೊಸ ಕೆಲಸವಲ್ಲ. ಸತ್ತವರ ಮನೆಯವರು ಮದುವೆಯ ಫೋಟೊ ಹಿಡಿದುಕೊಂಡು ನನ್ನಲ್ಲಿಗೆ ಬರುತ್ತಿದ್ದರು. ಬದುಕಿದ್ದಾಗ ನೆಟ್ಟಗೆ ಕ್ಯಾಮೆರಾ ನೋಡಿದ್ದು ಅಲ್ಲೊಂದೇ ಸಲ ತಾನೇ. ಗುಂಪಿನಿಂದ ತಲೆಯೊಂದನ್ನು ಬಿಡಿಸಿ, ಹಿಂದೆ ಚೀಟಿ ಅಂಟಿಸಿ, ವಿಜಾಪುರದಲ್ಲಿ ಫೋಟೊ ತಿದ್ದುವವರೊಬ್ಬರಿಗೆ ಕೊಟ್ಟು ಬರುತ್ತಿದ್ದೆ. "ಟೊಪ್ಪಿಗಿ ತೆಗೆಯುವುದು. ಪಟಗ ಸುತ್ತುವುದು." "ನಗು ಕಡಿಮೆ ಮಾಡುವುದು." ಎಷ್ಟು ಜನರ ನಗುವನ್ನು ಹೀಗೆ ಕಡಿಮೆ ಮಾಡಿಸಿದ್ದೇನೋ.

ಭಾನುವಾರ ವಿಜಾಪುರಕ್ಕೆ ಹೋದೆ. ತಿದ್ದುವವರು ಫೋಟೊದ ಮೇಲೆ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಇದು ನನ್ನ ಅವ್ವ ಎಂದು ನಾನು ಹೇಳಿರಲಿಲ್ಲ.

"ಚಸ್ಮಾ ತಗದ್ರ ಕಣ್ಣು ಬರೀಬೇಕಾಗತೈತ್ರಿ. ಕಣ್ಣು ಹೆಂಗಿದ್ವು ಇವರವು? ದೊಡ್ಡವೋ ಸಣ್ಣವೋ? ಒಳಗ ಹೋಗಿದ್ವೋ?"

ಅವ್ವನ ಕೈ ನೆನಪಿತ್ತು. ಪಿನ್ನು ತುಟಿಯಲ್ಲಿ ಕಚ್ಚಿಕೊಳ್ಳುತ್ತಿದ್ದದ್ದು ನೆನಪಿತ್ತು. ದನಿ ಕಿವಿಯಲ್ಲೇ ಇತ್ತು. ಕಣ್ಣು ನೆನಪಿರಲಿಲ್ಲ. ಐದು ವರ್ಷ ಆಕೆ ನನ್ನ ಎಡಕ್ಕೆ, ದೀಪದ ಹಿಂದೆ ಕೂತಿದ್ದಳು. ನಾನು ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ಮಂದಿಯ ಮುಖ ನೋಡುತ್ತಿದ್ದೆ. ಮನೆಯಲ್ಲಿ? ಮನೆಯಲ್ಲಿ ಊಟದ ಗಂಗಾಳ ನೋಡುತ್ತಿದ್ದೆ, ಪೇಪರು ನೋಡುತ್ತಿದ್ದೆ. ಅಕ್ಕನಿಗೆ ಫೋನ್ ಮಾಡಿ ಕೇಳಬಹುದಿತ್ತು. ಎದುರಿಗೇ ಫೋನ್ ಬೂತ್ ಇತ್ತು. ಅವ್ವನ ಕಣ್ಣು ಹೇಗಿದ್ದವು ಎಂದು ಯಾವ ಬಾಯಿಂದ ಕೇಳಲಿ? ನಾಚಿಕೆಯಾಯಿತು. ಆ ಹತ್ತು ದಿನಗಳಲ್ಲಿ ನನಗೆ ಆದದ್ದೆಂದರೆ ಅದೊಂದೇ.

"ಸಂಬಂಧದಾಗಿನವರು ಯಾರರ ಅದಾರೇನ್ರಿ? ಅವರವು ನೋಡಿ ಬರೀತೇನಿ" ಅಂದರು ಅವರು.

"ನಾ ಮಗಾರಿ" ಅಂದೆ.

ಅವರು ಭೂತಗನ್ನಡಿ ಕೆಳಗಿಟ್ಟರು. ಆಮೇಲೆ ಕುರ್ಚಿಯನ್ನು ಕಿಟಕಿಯ ಬೆಳಕಿಗೆ ಸರಿಸಿ, "ಕುಂದರ್ರಿ. ನೆಟ್ಟಗ ನೋಡ್ರಿ" ಅಂದರು. ಮಂದಿಗೆ ನಾನು ಹೇಳುತ್ತಿದ್ದ ಮಾತು ಅದೇ. ಕೂತೆ. ನೆಟ್ಟಗೆ ನೋಡಿದೆ. ಅವರು ಪೆನ್ಸಿಲಿನಿಂದ ನನ್ನ ಕಣ್ಣನ್ನು ಕಾಗದಕ್ಕೆ ಇಳಿಸಿಕೊಂಡರು.

ಹನ್ನೊಂದನೆಯ ದಿನ ಫೋಟೊ ಪಡಸಾಲೆಯಲ್ಲಿ ಕೂತಿತು. ಹಣೆಗೆ ವಿಭೂತಿ, ಮುಚ್ಚಿದ ಬಾಯಿ, ತಲೆ ತುಂಬ ಸೆರಗು. ಬಂದವರೆಲ್ಲ "ಥೇಟ್ ಕುಂತಾಂಗ ಐತಿ" ಅಂದರು. ಅಕ್ಕ ಅದರ ಮುಂದೆ ಹಣೆ ಹಚ್ಚಿ ಬಿಕ್ಕಿದಳು. ನಾನು ಜಂಗಮರಿಗೆ, ಬಂದವರಿಗೆ ಹುಗ್ಗಿ ಬಡಿಸುತ್ತ ಓಡಾಡಿದೆ.

ಖಾಲಾ ಮಧ್ಯಾಹ್ನದ ಬಸ್ಸಿಗೆ ಬಂದರು. ಫೋಟೊದ ಮುಂದೆ ಬಹಳ ಹೊತ್ತು ಕೂತರು, ಅಳಲಿಲ್ಲ. ಹೋಗುವಾಗ ನನ್ನನ್ನು ಕಟ್ಟೆಯ ಹತ್ತಿರ ಕರೆದರು.

"ಒಂದ ಮಾತು ಹೇಳ್ತೇನಿ, ಸಿಟ್ಟ ಆಗಬ್ಯಾಡಪಾ. ಮಾರಿ ಆಕೀದೈತಿ. ಕಣ್ಣು ಆಕೀವಲ್ಲ."

ನಾನು ಅವರ ಚೀಲ ಕೈಗೆ ತೆಗೆದುಕೊಂಡೆ.

"ಎಡಗಣ್ಣು ಒಂದೀಟು ಸಣ್ಣದಿತ್ತಲ್ಲ ಆಕೀದು. ಸಣ್ಣಾಕಿ ಇದ್ದಾಗ ಚಿಣಿದಾಂಡು ಆಡೂಮುಂದ ಚಿಣಿ ಬಡದಿತ್ತು. ಹೊಡದಾಕಿ ನಾನಽ. ನಕ್ಕರ ಆ ಕಣ್ಣು ಪೂರಾ ಮುಚ್ಚತಿತ್ತು. ನೀ ನೋಡಿಲ್ಲೇನು?"

"ನೋಡೇನ್ರಿ" ಅಂದೆ. ಆ ಹನ್ನೊಂದು ದಿನಗಳಲ್ಲಿ ನಾನು ಹೇಳಿದ ಎರಡನೆಯ ಸುಳ್ಳು ಅದು.

ಅವರನ್ನು ಬಸ್ಸು ಹತ್ತಿಸಿ ಬಂದೆ. ಫೋಟೊವನ್ನು ಮತ್ತೆ ತಿದ್ದಿಸಬಹುದಿತ್ತು. ತಿದ್ದಿಸಬೇಕಾದರೆ ಅಕ್ಕನಿಗೆ ಯಾಕೆಂದು ಹೇಳಬೇಕಿತ್ತು. ಹೇಳಲಿಲ್ಲ. ಅದು ಈಗಲೂ ಅಲ್ಲೇ ಇದೆ. ಅಕ್ಕ ಬಂದಾಗಲೆಲ್ಲ ಅದರ ಜೊತೆ ಮಾತಾಡುತ್ತಾಳೆ, ನನ್ನ ಮೇಲೆ ದೂರು ಹೇಳುತ್ತಾಳೆ. ನಾನೂ ವರ್ಷಕ್ಕೊಮ್ಮೆ ಹಾರ ಹಾಕಿ ಎದುರು ನಿಲ್ಲುತ್ತೇನೆ. ಅಲ್ಲಿಂದ ನನ್ನನ್ನು ನೋಡುವುದು ಅವ್ವ ಅಲ್ಲ, ನಾನೇ.